ಹದಿನಾಲ್ಕನೇ ಕುರ್ಚಿಯ ಮೇಲೆ ಮೂವತ್ತೆಂಟು ಜನ

ಕಾಲೇಜಿನ ಹಿಂದಿನ ಗೇಟಿನ ಎದುರು ಬೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಗೋಂದು ಎಂಬ ಅಡ್ಡಹೆಸರು ಅಂಟಿಕೊಂಡು ಎಷ್ಟು ಕಾಲವಾಗಿತ್ತೆಂದರೆ, ಅಪ್ಪ ಅಮ್ಮ ಇಟ್ಟ ಹೆಸರು ಯಾವುದೆಂದು ಒಮ್ಮೆ ಅವನೇ ಪೆಟ್ಟಿಗೆ ತೆರೆದು, ಹಳೆಯ ಕಾಗದ ಹುಡುಕಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಮೂವತ್ತೊಂದು ವರ್ಷ ಅಂಟಿನಲ್ಲಿ ಅದ್ದಿ ತೆಗೆದ ಬೆರಳುಗಳು. ಅವನ ಕೈ ಕುಲುಕಿದವರನ್ನು ಬಿಡಿಸಲು ಆ ಕಡೆ ಇಬ್ಬರು ಈ ಕಡೆ ಇಬ್ಬರು ನಿಂತು ಎಳೆಯಬೇಕಂತೆ. ಇದು ಸುಳ್ಳಿರಬಹುದು. ಯಾಕೆಂದರೆ ಗೋಂದು ಯಾರ ಕೈ ಕುಲುಕಿದ್ದನ್ನೂ ಕಂಡವರಿಲ್ಲ. ಅವನು ಬೈಯುವುದನ್ನು ಮಾತ್ರ ಎಲ್ಲರೂ ಕಂಡಿದ್ದಾರೆ. ಅವನ ಬೈಗುಳಕ್ಕೆ ಎದುರಿನ ಕಾಂಪೌಂಡಿನ ಸುಣ್ಣ ಮೂರು ಸಲ ಉದುರಿತ್ತು. ನಾಲ್ಕನೇ ಸಲ ಕಾಲೇಜಿನವರು ಸುಣ್ಣದ ಆಸೆ ಬಿಟ್ಟು ಕಲ್ಲು ಕಟ್ಟಿಸಿದರು.

ಅಂಗಡಿ ಆರಡಿ ಅಗಲ, ಹತ್ತಡಿ ಉದ್ದ. ಒಳಗೆ ಕಾಗದ ಕತ್ತರಿಸುವ ಕಬ್ಬಿಣದ ಯಂತ್ರ, ಕಪ್ಪು ರೆಕ್ಸಿನ್ನಿನ ಸುರುಳಿಗಳು, ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಒತ್ತುವ ಅಚ್ಚು, ಕೆಮ್ಮುವ ಪ್ರಿಂಟರು, ಬೆಳಿಗ್ಗೆ ಗುಂಡಿ ಒತ್ತಿದರೆ ಮಧ್ಯಾಹ್ನಕ್ಕೆ ಕಣ್ಣು ಬಿಡುವ ಕಂಪ್ಯೂಟರು. ಒಂದು ಸ್ಟೂಲೂ ಇತ್ತು. ಅದು ಗಿರಾಕಿಗಳಿಗಲ್ಲ, ಅಂಟಿನ ಡಬ್ಬಿಗೆ. ಗಿರಾಕಿಗಳು ಬಿಸಿಲಲ್ಲಿ ನಿಂತು ಬೈಸಿಕೊಳ್ಳಬೇಕು.

ಪ್ರಪಂಚದಲ್ಲಿ ಅವನಿಗೆ ಆಗದವರ ಪಟ್ಟಿ ಬರೆಯಲು ಹೊರಟರೆ ಅದಕ್ಕೇ ಎರಡು ಸಂಪುಟ ಬೈಂಡು ಮಾಡಬೇಕಾಗುತ್ತಿತ್ತು. ಅದರಲ್ಲಿ ಮೊದಲ ಸ್ಥಾನ ಸ್ಪೈರಲ್ ಬೈಂಡಿಂಗಿಗೆ. ಮುಖ್ಯರಸ್ತೆಯಲ್ಲಿ ಒಬ್ಬ ಆ ಯಂತ್ರ ತಂದಿಟ್ಟುಕೊಂಡ ದಿನದಿಂದ ಗೋಂದು ಆ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟಿದ್ದ. "ಪುಸ್ತಕ ಅಂದ್ರೆ ಹೊಲೀಬೇಕು, ಅಂಟು ಬಳೀಬೇಕು, ಒತ್ತಿಡಬೇಕು, ಮೂರು ಅಂಚೂ ಕತ್ತರಿಸಬೇಕು. ಅದು ಬಿಟ್ಟು ಎತ್ತಿಗೆ ಮೂಗುದಾರ ಹಾಕಿದ ಹಾಗೆ ತೂತು ಕೊರೆದು ಪ್ಲಾಸ್ಟಿಕ್ ಸುತ್ತೋದಾ? ಥೂ!"

ವಿದ್ಯಾರ್ಥಿಗಳು ಅವನ ಬೈಗುಳ ಸಹಿಸಿಕೊಂಡದ್ದಕ್ಕೆ ಕಾರಣವಿತ್ತು. ಆ ಕಾರಣದ ಹೆಸರು 'ಮುಂದಿನ ಸೆಟ್ಟು'. ಪ್ರಾಜೆಕ್ಟು ಯಾವ ವಿಷಯದ್ದೇ ಆಗಲಿ, ಮುಂದೆ ನಾಲ್ಕು ಪುಟ ಇರಲೇಬೇಕು. ಒಂದು ಶೀರ್ಷಿಕೆ, ಒಂದು ಮಾರ್ಗದರ್ಶಕರ ಪ್ರಮಾಣಪತ್ರ, ಒಂದು 'ಇದು ನನ್ನ ಸ್ವಂತ ಕೆಲಸ' ಎಂಬ ಘೋಷಣೆ, ಒಂದು ಕೃತಜ್ಞತೆ. ಈ ನಾಲ್ಕೂ ಗೋಂದುವಿನ ಕಂಪ್ಯೂಟರಿನಲ್ಲಿ ಸಿದ್ಧವಾಗಿದ್ದವು. ಹೆಸರು, ನಂಬರು, ವಿಷಯ ಬದಲಿಸಿ ಗುಂಡಿ ಒತ್ತಿದರೆ ಆಯಿತು. ಇದು ನನ್ನ ಸ್ವಂತ ಕೆಲಸವೆಂದು ಮೂರು ತಲೆಮಾರಿನ ವಿದ್ಯಾವಂತರು ಆಣೆ ಮಾಡಿದ ಆ ಪುಟ ಯಾರೊಬ್ಬರ ಸ್ವಂತದ್ದೂ ಅಲ್ಲ, ಗೋಂದುವಿನದು. ಕೃತಜ್ಞತೆಯ ಪುಟವಂತೂ ಯಾರೋ ಪುಣ್ಯಾತ್ಮ ಎಂದೋ ಬರೆದದ್ದು. ಅದರಲ್ಲಿ 'ನನ್ನ ಧರ್ಮಪತ್ನಿಯ ತಾಳ್ಮೆಗೆ, ಇಬ್ಬರು ಮಕ್ಕಳ ತುಂಟತನಕ್ಕೆ ನಾನು ಚಿರಋಣಿ' ಎಂಬ ಸಾಲಿತ್ತು. ಹತ್ತೊಂಬತ್ತರ ಹುಡುಗಿಯರೂ ಈ ಊರಿನಲ್ಲಿ ಧರ್ಮಪತ್ನಿಗೆ ಚಿರಋಣಿಯಾಗಿ ಡಿಗ್ರಿ ಪಡೆದಿದ್ದಾರೆ.

"ಯಾರೂ ಓದಲ್ಲ ಅವನ್ನ," ಎನ್ನುತ್ತಿದ್ದ ಗೋಂದು. "ಮೊದಲ ನಾಲ್ಕು ಪುಟ ಓದೋ ಪ್ರಾಣಿ ಇನ್ನೂ ಹುಟ್ಟಿಲ್ಲ."

ಈ ಸೆಟ್ಟು ಹಾಕುವ ಚಟ ಅವನ ಕೈಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಅಕ್ಕನ ಮದುವೆಯ ಆಲ್ಬಮ್ಮನ್ನು ಬೈಂಡು ಮಾಡುವಾಗಲೂ ಕೈ ತನ್ನಷ್ಟಕ್ಕೆ ಓಡಿತು. ಕಪ್ಪು ರೆಕ್ಸಿನ್ನು, ಚಿನ್ನದ ಅಕ್ಷರ. ಅಕ್ಕ ಅತ್ತೆಮನೆಯವರೆಲ್ಲರ ನಡುವೆ ಕೂತು ಆಲ್ಬಮ್ಮು ತೆರೆದಳು. ಗಂಡ ಹಾರ ಹಾಕುತ್ತಿರುವ ಫೋಟೋದ ಹಿಂದಿನ ಪುಟದಲ್ಲಿ, 'ಪದವಿಯ ಅಗತ್ಯಗಳ ಭಾಗಶಃ ಪೂರೈಕೆಗಾಗಿ ಸಲ್ಲಿಸಲಾಗಿದೆ' ಎಂದಿತ್ತು. ಅತ್ತೆಮನೆಯವರು ಹೊಟ್ಟೆ ಹಿಡಿದು ನಕ್ಕರು. ಅಕ್ಕ ನಗಲಿಲ್ಲ. ಇಪ್ಪತ್ತೆರಡು ವರ್ಷವಾಯಿತು, ತಮ್ಮನ ಜೊತೆ ಮಾತಾಡಿಲ್ಲ.

ಓದುವ ಪ್ರಾಣಿ ಹುಟ್ಟಿಲ್ಲ ಎಂಬ ಅವನ ಮಾತಿಗೆ ಒಂದು ಅಪವಾದ ಇತ್ತು. ಅದನ್ನು ಅವನು ಬೇಕೆಂದೇ ಮರೆತಿದ್ದ. ಬಹಳ ಹಿಂದೆ ಒಬ್ಬ ಹೆಂಗಸು ತನ್ನ ಥೀಸಿಸ್ ಬೈಂಡು ಮಾಡಿಸಿ, ತೆಗೆದುಕೊಂಡು ಹೋಗದೆ, ಅಂಗಡಿಯ ಮುಂದೆಯೇ ನಿಂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದಳು. ನಾಲ್ಕು ಗಂಟೆ. ನೆರಳು ಅವಳ ಬಲಗಡೆಯಿಂದ ಎಡಗಡೆಗೆ ಹೋಯಿತು, ಅವಳು ಕದಲಲಿಲ್ಲ. ಕೊನೆಗೆ ಇನ್ನೂರ ಹನ್ನೆರಡನೇ ಪುಟ ತಲೆಕೆಳಗಾಗಿದೆಯೆಂದು ತೋರಿಸಿ ಇಡೀ ಪುಸ್ತಕ ಬಿಚ್ಚಿಸಿ ಮತ್ತೆ ಹೊಲಿಸಿದಳು. ಗೋಂದು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟು, 'ತನ್ನದು ಅಂತ ಓದಿದಳು, ಇನ್ನೊಬ್ಬರದು ಯಾರು ಓದ್ತಾರೆ' ಎಂದು ಸಮಾಧಾನ ಮಾಡಿಕೊಂಡಿದ್ದ. ಅದೇ ಭೂತಗನ್ನಡಿ ಈಗ ಕಾಲೇಜಿನ ಪ್ರಾಜೆಕ್ಟು ಸಮಿತಿಯ ಮುಖ್ಯಸ್ಥೆ.

ಆ ವರ್ಷ ಭೂತಗನ್ನಡಿ ನೋಟೀಸು ಹಾಕಿಸಿದಳು. ಇನ್ನು ಮುಂದೆ ಪ್ರಾಜೆಕ್ಟಿನಲ್ಲಿ ಐದನೆಯ ಪುಟವೊಂದು ಇರಬೇಕು. ಎಐ ಯಂತ್ರವನ್ನು ಬಳಸಿದ್ದರೆ ಅದರ ಹೆಸರು, ಆವೃತ್ತಿ, ಬಳಸಿದ ದಿನ, ಕೇಳಿದ ಪ್ರಶ್ನೆ, ಬಂದ ಉತ್ತರವನ್ನು ಪ್ರಾಜೆಕ್ಟಿನ ಯಾವ ಭಾಗದಲ್ಲಿ ಬಳಸಿದೆ, ಅದು ಸರಿಯೆಂದು ಹೇಗೆ ಪರೀಕ್ಷಿಸಿದೆ, ಎಲ್ಲವನ್ನೂ ಬರೆಯಬೇಕು. ಬಳಸದಿದ್ದರೆ ಬಳಸಿಲ್ಲ ಎಂದು ಬರೆಯಬೇಕು. ಬಳಸಿದ್ದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು.

ನೋಟೀಸು ಅಂಟಿದ ಮಧ್ಯಾಹ್ನವೇ ಜೇನುಹುಳದ ಗೂಡಿಗೆ ಕಲ್ಲು ಬಿದ್ದಂತೆ ವಿದ್ಯಾರ್ಥಿಗಳು ಅಂಗಡಿಗೆ ಮುತ್ತಿದರು.

"ಅಂಕಲ್, ಐದನೇ ಪುಟ ಇದ್ಯಾ?"

"ನಿಮ್ಮಜ್ಜನ ಕಾಲದ್ದು ಇದೆ. ಬೆಳಿಗ್ಗೆ ಬಂದ ನೋಟೀಸಿಗೆ ಮಧ್ಯಾಹ್ನಕ್ಕೆ ಎಲ್ಲಿಂದ ತರಲಿ? ನೀವೇ ಬರ್ಕೊಂಡು ಬನ್ನಿ."

"ನಾವಾ?" ಎಂದರು ಅವರು. ಬೆಟ್ಟ ಹೊತ್ತುಕೊಂಡು ಬಾ ಎಂದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ. "ಏನಾದ್ರೂ ಒಂದು ಹಾಕಿಬಿಡಿ ಅಂಕಲ್. ತುಂಬಿದ ಹಾಗೆ ಕಂಡ್ರೆ ಸಾಕು."

"ನಿಮ್ಮ ತಲೆ ಹಾಕಿಬಿಡ್ತೀನಿ. ಅದಾದ್ರೆ ಖಾಲಿ ಕಾಣುತ್ತೆ, ನಡೀರಿ ಆಚೆ!"

ಪೆನ್‌ಡ್ರೈವುಗಳನ್ನು ಬಿಟ್ಟು ಹೋದರು, ಪುಟದ ಹೊಣೆಯನ್ನೂ ಅವನ ತಲೆಗೇ ಕಟ್ಟಿ ಹೋದರು.

ಮರುದಿನ ಬಂದಳು ಟೇಪು. ಟೇಪು ಎಂದರೆ ಮಾತು ಬಿಟ್ಟ ಅದೇ ಅಕ್ಕನ ಮಗಳು. ಕೊನೆಯ ವರ್ಷದ ಡಿಗ್ರಿ. ಊರಿನ ಬಸ್ ನಿಲ್ದಾಣಗಳ ಬೆಂಚುಗಳು ಎಷ್ಟು ಎತ್ತರ ಇವೆ, ಮೊಣಕಾಲು ನೋವಿರುವ ವಯಸ್ಸಾದವರು ಅವುಗಳಿಂದ ಏಳಲು ಎಷ್ಟು ಕಷ್ಟಪಡುತ್ತಾರೆ ಎಂಬುದರ ಮೇಲೆ ಅವಳ ಪ್ರಾಜೆಕ್ಟು. ವರ್ಷವಿಡೀ ಅಳತೆಯ ಟೇಪು ಹಿಡಿದು ತೊಂಬತ್ತಾರು ಬೆಂಚು ಅಳೆದಿದ್ದಳು. ಅವಳು ಬರುವುದು ಕಂಡರೆ ಬೆಂಚುಗಳೇ ನೆಟ್ಟಗೆ ನಿಲ್ಲುತ್ತಿದ್ದವು ಎನ್ನುತ್ತಾರೆ.

"ಮುಂದಿನ ಸೆಟ್ಟು ಬೇಡ ಮಾವ. ನಾನೇ ಬರೆದಿದ್ದೀನಿ," ಎಂದಳು.

"ಕೃತಜ್ಞತೆ ಕೂಡ?"

"ಹೂಂ."

"ಯಾಕೆ, ನನ್ನದರಲ್ಲಿ ಏನು ಹುಳ ಇದೆ?"

"ಹುಳ ಅಲ್ಲ, ಧರ್ಮಪತ್ನಿ ಇದ್ದಾಳೆ. ನನಗಿಲ್ಲ."

"ಬಾಯಿ ಮಾತ್ರ ನಿಮ್ಮಮ್ಮನದೇ!"

"ನಾನು ಇಲ್ಲಿಗೆ ಬಂದಿದ್ದು ಅಮ್ಮನಿಗೆ ಹೇಳಬೇಡಿ."

"ಇಪ್ಪತ್ತೆರಡು ವರ್ಷ ಮಾತಾಡದವನು ನಿನ್ನ ಚಾಡಿ ಹೇಳೋಕೆ ಅಂತ ಶುರು ಮಾಡ್ತೀನಾ? ಕೊಡು ಇಲ್ಲಿ."

ಅವಳ ಪ್ರಾಜೆಕ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮುದ್ರಿಸಿ, ಹೊಲಿದು, ಒತ್ತಿಟ್ಟು ಕೊಟ್ಟ. ಅವಳು ಹೋದ ಮೇಲೆ ಪರದೆಯ ಮೇಲೆ ಅವಳ ಐದನೆಯ ಪುಟ ಹಾಗೇ ಉಳಿದಿತ್ತು. ಗೋಂದು ಅದನ್ನು ದೂರದಿಂದ, ಗೋಡೆಗೆ ಬಣ್ಣ ಸರಿಯಾಗಿ ಬಿದ್ದಿದೆಯೇ ಎಂದು ನೋಡುವವನಂತೆ ನೋಡಿದ. ಪುಟ ಮೇಲಿಂದ ಕೆಳಗೆ ತುಂಬಿತ್ತು. ಮಾರ್ಚ್ ಹನ್ನೊಂದು, ಬೆಳಿಗ್ಗೆ ಹನ್ನೊಂದು ಇಪ್ಪತ್ತು, ಗ್ರಂಥಾಲಯದ ಹದಿನಾಲ್ಕನೇ ಕುರ್ಚಿ ಎಂದಿತ್ತು. ಯಂತ್ರದ ಹೆಸರು, ಆವೃತ್ತಿ ಇದ್ದವು. ಅದರ ಕೆಳಗೆ ಹೀಗಿತ್ತು: 'ನಾನು ಕೇಳಿದ ಪ್ರಶ್ನೆ: ಮೊಣಕಾಲು ನೋವಿರುವವರಿಗೆ ಬೆಂಚು ಎಷ್ಟು ಎತ್ತರ ಇರಬೇಕೆಂದು ಯಾರಾದರೂ ಅಧ್ಯಯನ ಮಾಡಿದ್ದಾರೆಯೇ? ಯಂತ್ರ ಆರು ಪುಸ್ತಕಗಳ ಹೆಸರು ಕೊಟ್ಟಿತು. ನಾಲ್ಕನ್ನು ಹುಡುಕಿ ಓದಿದೆ. ಎರಡು ಎಲ್ಲಿಯೂ ಇಲ್ಲ, ಆದ್ದರಿಂದ ಬಿಟ್ಟಿದ್ದೇನೆ. ಮೂರನೇ ಅಧ್ಯಾಯದ ಎರಡನೇ ಕೋಷ್ಟಕವನ್ನು ಜೋಡಿಸಿದ್ದು ಯಂತ್ರ. ಅಳತೆಗಳು ನನ್ನವು. ಜೋಡಣೆಯನ್ನು ಕೈಯಾರೆ ಮತ್ತೆ ಲೆಕ್ಕ ಹಾಕಿ ನೋಡಿದ್ದೇನೆ.'

ಇದನ್ನೆಲ್ಲ ಅವನು ಓದಲಿಲ್ಲ. ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತುಂಬಿದೆ, ಗಂಭೀರವಾಗಿದೆ, ನೋಟೀಸಿನವರ ಬಾಯಿ ಮುಚ್ಚುತ್ತದೆ ಎಂದಷ್ಟೇ ಕಂಡ. ಮುಂದಿನ ಸೆಟ್ಟಿಗೆ ಐದನೆಯದಾಗಿ ಸೇರಿಸಿದ. ಹೆಸರು, ನಂಬರು, ವಿಷಯ ಬದಲಿಸಿ ಗುಂಡಿ ಒತ್ತಿದ. ನಾಲ್ಕು ದಿನಗಳಲ್ಲಿ ಮೂವತ್ತೇಳು ಪ್ರಾಜೆಕ್ಟು ಕಪ್ಪು ರೆಕ್ಸಿನ್ನಿನಲ್ಲಿ ಮಿರಮಿರ ಮಿಂಚುತ್ತ ಗೇಟು ದಾಟಿದವು.

ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಗೋಂದು ರೆಕ್ಸಿನ್ನು ಕತ್ತರಿಸುತ್ತಿದ್ದಾಗ ಟೇಪು ಬಂದಳು. ಎಂದಿನಂತೆ ಬಿಸಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಬಂದು, ಸ್ಟೂಲಿನ ಮೇಲಿನ ಅಂಟಿನ ಡಬ್ಬಿಯನ್ನು ಎತ್ತಿ ನೆಲಕ್ಕೆ ಕುಕ್ಕಿದಳು.

"ಯಾರನ್ನ ಕೇಳಿ ನನ್ನ ಪುಟ ಎಲ್ಲರಿಗೂ ಹಾಕಿದ್ರಿ?"

"ಯಾವ ಪುಟ?"

"ಐದನೇದು! ಸೋಪಿನ ನೊರೆ ಬಗ್ಗೆ ಬರೆದವನಿಗೂ ಮೊಣಕಾಲು ನೋವು, ಜೇನುಹುಳದ ಬಗ್ಗೆ ಬರೆದವಳಿಗೂ ಮೊಣಕಾಲು ನೋವು. ಮಾರ್ಚ್ ಹನ್ನೊಂದಕ್ಕೆ, ಹನ್ನೊಂದು ಇಪ್ಪತ್ತಕ್ಕೆ, ಹದಿನಾಲ್ಕನೇ ಕುರ್ಚಿ ಮೇಲೆ ಮೂವತ್ತೆಂಟು ಜನ ಕೂತಿದ್ವಂತೆ ಮಾವ! ಆ ಕುರ್ಚಿಗೆ ಒಂದು ಕಾಲು ಮೊದಲೇ ಇಲ್ಲ!"

ಗೋಂದು ಕತ್ತರಿ ಕೆಳಗಿಟ್ಟ. ಆದರೆ ಮೂವತ್ತೊಂದು ವರ್ಷದ ಅಭ್ಯಾಸ, ಮೊದಲು ಬಂದದ್ದು ಬೈಗುಳವೇ. "ಆ ಭೂತಗನ್ನಡಿಗೆ ಬೇರೆ ಕೆಲಸ ಇಲ್ವಾ? ಯಾರು ಓದು ಅಂದ್ರು? ಮಾಡಬಾರದ್ದು ಮಾಡಿದ್ದು ಅವಳು!"

"ನಾಳೆ ಹತ್ತು ಗಂಟೆಗೆ ವಿಚಾರಣೆ. ಪುಟ ಕದ್ದವರದ್ದು, ಕೊಟ್ಟವರದ್ದು, ಎಲ್ಲರದ್ದೂ ಪ್ರಾಜೆಕ್ಟು ತಿರಸ್ಕಾರ. ಒಂದು ವರ್ಷ ಮಣ್ಣು. ನನ್ನ ತೊಂಬತ್ತಾರು ಬೆಂಚೂ ಮಣ್ಣು. ನೀವು ಬಂದು ಹೇಳಿ, ಹಾಕಿದ್ದು ನಾನು ಅಂತ."

"ನಾನಾ? ಆ ಗೇಟಿನೊಳಗಾ? ಹೋಗಿ ಹೇಳಿದ್ರೆ ನಾಳೆಯಿಂದ ಒಬ್ಬ ಈ ಕಟ್ಟೆ ಹತ್ತಲ್ಲ. ಎಲ್ಲ ಆ ಮೂಗುದಾರದವನ ಹತ್ರ ಹೋಗ್ತಾರೆ. ನೀನು ಯಾಕೆ ಅಷ್ಟು ಉದ್ದ ಬರೆದೆ? 'ಬಳಸಿಲ್ಲ' ಅಂತ ಒಂದು ಸಾಲು ಗೀಚಿದ್ರೆ ಯಾವ ಗಂಟು ಹೋಗ್ತಿತ್ತು?"

"ಬಳಸಿದ್ದೆ, ಅದಕ್ಕೆ ಬರೆದೆ."

"ಬಳಸಿ ಬಳಸಿಲ್ಲ ಅನ್ನೋರು ಊರು ತುಂಬಾ ಇದ್ದಾರೆ!"

"ಗೊತ್ತು. ಅವರ ಮುಂದಿನ ಸೆಟ್ಟು ನೀವೇ ಹಾಕೋದು," ಎಂದು ಹೇಳಿ ಅವಳು ಇಳಿದು ಹೋದಳು. ಮಾತಿನ ಮೊನೆ ಕತ್ತರಿಸುವ ಯಂತ್ರದ ಬ್ಲೇಡಿಗಿಂತ ಚೂಪಾಗಿತ್ತು. ಆ ಬ್ಲೇಡನ್ನು ಅವನು ಅಂದು ಮಧ್ಯಾಹ್ನ ಎರಡು ಸಲ ಸಾಣೆ ಹಿಡಿದ, ಸುಮ್ಮನೆ.

ಸಾಣೆ ಹಿಡಿದ ಮೇಲೆ ಬ್ಲೇಡು ಪರೀಕ್ಷಿಸಲು ರದ್ದಿ ಕಾಗದ ಬೇಕಲ್ಲ. ಕೈಗೆ ಸಿಕ್ಕಿದ್ದು ಟೇಪುವಿನ ಪ್ರಾಜೆಕ್ಟು ಮುದ್ರಿಸುವಾಗ ಮಸಿ ಕಲೆಸಿಹೋಗಿದ್ದ ಹಾಳೆಗಳು. ಬ್ಲೇಡಿನ ಕೆಳಗೆ ಇಡುವ ಮುನ್ನ ಕಣ್ಣು ಒಂದು ಸಾಲಿನ ಮೇಲೆ ಬಿತ್ತು. 'ಕಾಲೇಜಿನ ಹಿಂದಿನ ಗೇಟಿನ ನಿಲ್ದಾಣ. ಬೆಂಚಿನ ಎತ್ತರ ಹದಿಮೂರು ಅಂಗುಲ. ಬೈಂಡಿಂಗ್ ಕೆಲಸದ ಒಬ್ಬರು, ವಯಸ್ಸು ಐವತ್ತರ ಮೇಲೆ, ಮೂರನೇ ಪ್ರಯತ್ನದಲ್ಲಿ ಎದ್ದರು. ಎದ್ದ ಮೇಲೆ ಬೆಂಚನ್ನು ಬೈದರು.'

ಗೋಂದುವಿಗೆ ಮೈಯೆಲ್ಲ ಉರಿಯಿತು. ಎರಡನೇ ಪ್ರಯತ್ನಕ್ಕೇ ಎದ್ದಿದ್ದೆ ಎಂದು ಅವನ ನಂಬಿಕೆ. ಆದರೂ ಆ ಹಾಳೆಯನ್ನು ಬ್ಲೇಡಿಗೆ ಕೊಡಲಿಲ್ಲ. ಮುಂದಿನ ಹಾಳೆ ತೆಗೆದ, ಅದರ ಮುಂದಿನದು ತೆಗೆದ. ಊರಿನ ಮುದುಕ ಮುದುಕಿಯರು ಒಬ್ಬೊಬ್ಬರಾಗಿ ಬೆಂಚು ಬಿಟ್ಟು ಏಳುತ್ತಿದ್ದರು. ಒಬ್ಬಾಕೆ ಕೈಚೀಲ ಊರಿ ಎದ್ದಳು, ಒಬ್ಬಾತ ಏಳಲೇ ಇಲ್ಲ, ಬಸ್ಸು ಹೊರಟುಹೋಯಿತು. ಮೂವತ್ತೊಂದು ವರ್ಷದಲ್ಲಿ ಅವನ ಕೈ ದಾಟಿಹೋದ ಕಾಗದವನ್ನು ಹಾಸಿದರೆ ಇಲ್ಲಿಂದ ಚಂದ್ರನಿಗೆ ಹೋಗಿ, ಟೀ ಕುಡಿದು ವಾಪಸು ಬರಬಹುದಿತ್ತು. ಅದರಲ್ಲಿ ಅವನು ಓದಿದ್ದು ಇವಿಷ್ಟೇ, ಮಸಿ ಕಲೆಸಿದ ಒಂಬತ್ತು ಹಾಳೆ.

ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಗುಂಪು ಬಂದು ನಿಂತಿತು. ಮುಂದಾಳು ಸೋಪಿನ ನೊರೆಯವನು. ಹಲ್ಲು ಕಿರಿದ.

"ಅಂಕಲ್, ನಾವೆಲ್ಲ ಮಾತಾಡಿಕೊಂಡಿದ್ದೀವಿ. ಟೇಪು ತಾನಾಗಿ ಪುಟ ಹಂಚಿದ್ಲು, ನಮಗೇನೂ ಗೊತ್ತಿಲ್ಲ ಅಂತ ಹೇಳ್ತೀವಿ. ನೀವೂ ಹಾಗೇ ಅನ್ನಿ. ನಿಮ್ಮ ಅಂಗಡಿಗೂ ಚುಕ್ಕೆ ಬರಲ್ಲ."

ಗೋಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಒಂದು ಪುಟ ಬರೆಯೋಕೆ ಬರದ ನೀನು, ನನಗೆ ಸುಳ್ಳು ಬರೆದುಕೊಡ್ತೀಯಾ?"

"ಅಲ್ಲ ಅಂಕಲ್, ನಿಮ್ಮ ಒಳ್ಳೇದಕ್ಕೇ..."

ಆಮೇಲೆ ಗೋಂದು ಆಡಿದ ಮಾತುಗಳನ್ನು ಅಚ್ಚು ಮಾಡಲು ಯಾವ ಅಚ್ಚಿನಮನೆಯೂ ಒಪ್ಪುವುದಿಲ್ಲ. ಗುಂಪು ಓಡಿದ ರಭಸಕ್ಕೆ ಎರಡು ಚಪ್ಪಲಿ ರಸ್ತೆಯಲ್ಲಿ ಉಳಿದವು, ಎರಡೂ ಎಡಗಾಲಿನವು.

ಮರುದಿನ ಹತ್ತು ಗಂಟೆಗೆ ಗೋಂದು ಗೇಟಿನೊಳಗೆ ಕಾಲಿಟ್ಟ. ಎದುರಿಗೇ ಇದ್ದೂ ಮೂವತ್ತೊಂದು ವರ್ಷ ದಾಟದ ಗೇಟು. ಕಂಕುಳಲ್ಲಿ ಮುಂದಿನ ಸೆಟ್ಟಿನ ಮುದ್ರಿತ ಪ್ರತಿ, ಮುಖ ಗಂಟಿಕ್ಕಿದ ಹೊಲಿಗೆಯ ದಾರದಂತೆ. ಸಭೆಯ ಕೊಠಡಿಯಲ್ಲಿ ಗೋಡೆಗೆ ಒರಗಿ ಮೂವತ್ತೆಂಟು ಜನ ನಿಂತಿದ್ದರು. ಟೇಪು ಕೊನೆಯಲ್ಲಿ, ಒಬ್ಬಳೇ. ಪಕ್ಕದವರು ಎರಡು ಮಾರು ದೂರ ಸರಿದಿದ್ದರು. ಮೇಜಿನ ಆಚೆ ಭೂತಗನ್ನಡಿ, ಅವಳ ಪಕ್ಕ ಪ್ರಿನ್ಸಿಪಾಲರು. ಮುಂದೆ ಇಟ್ಟದ್ದನ್ನೆಲ್ಲ ನೋಡದೆ ಸೀಲು ಒತ್ತುತ್ತಿದ್ದ ಅವರನ್ನು ಜನ ಸೀಲು ಸಾಹೇಬರು ಎನ್ನುತ್ತಿದ್ದರು.

ಭೂತಗನ್ನಡಿ ಸೋಪಿನವನನ್ನು ಕೇಳುತ್ತಿದ್ದಳು. "ನಿನ್ನ ಪ್ರಾಜೆಕ್ಟು ಸೋಪಿನ ನೊರೆ. ಯಂತ್ರವನ್ನ ಕೇಳಿದ್ದು ಮೊಣಕಾಲು ನೋವು. ಏನಪ್ಪಾ ಸಂಬಂಧ?"

"ಮೊಣಕಾಲಿಗೂ... ಸೋಪು ಹಾಕ್ತಾರಲ್ಲ ಮೇಡಂ."

"ಸರಿ. ಎರಡು ಪುಸ್ತಕ ಎಲ್ಲೂ ಸಿಗಲಿಲ್ಲ ಅಂತ ಬರೆದಿದ್ದೀಯ. ಯಾವುವು?"

"ಸಿಗಲಿಲ್ವಲ್ಲ ಮೇಡಂ, ಅದಕ್ಕೇ ಹೆಸರು ಗೊತ್ತಿಲ್ಲ."

ಸಾಲಾಗಿ ಎಲ್ಲರನ್ನೂ ಅದನ್ನೇ ಕೇಳಿದಳು. ಮೂವತ್ತೇಳು ಜನ ನೆಲ ನೋಡಿದರು. ಅಷ್ಟು ಜನ ಒಟ್ಟಿಗೆ ನೋಡಿದ್ದಕ್ಕೆ ನೆಲವೂ ನಾಚಿಕೊಂಡಿರಬೇಕು. ಟೇಪುವಿನ ಸರದಿ ಬಂದಾಗ ಅವಳು ಎರಡು ಹೆಸರನ್ನೂ ಪಟಪಟ ಹೇಳಿದಳು. ಯಂತ್ರ ಹೇಳಿದ ಪ್ರಕಾಶಕರ ಪಟ್ಟಿಯಲ್ಲಿ ನೋಡಿದ್ದು, ಮೂರು ಗ್ರಂಥಾಲಯಗಳಿಗೆ ಹೋಗಿದ್ದು, ಆ ಲೇಖಕರಲ್ಲೊಬ್ಬರಿಗೆ ಪತ್ರ ಬರೆದದ್ದು, 'ನಾನು ಅಂಥ ಪುಸ್ತಕ ಬರೆದೇ ಇಲ್ಲ' ಎಂದು ಅವರಿಂದ ಉತ್ತರ ಬಂದದ್ದು, ಎಲ್ಲ ಹೇಳಿದಳು. ಯಂತ್ರದ ಜೊತೆ ನಡೆದ ಪ್ರಶ್ನೋತ್ತರದ ಪ್ರತಿಯನ್ನೂ ಮೇಜಿನ ಮೇಲಿಟ್ಟಳು.

"ಪುಟ ಬರೆದವಳು ನೀನು. ಅದು ಗೊತ್ತಾಯ್ತು," ಎಂದಳು ಭೂತಗನ್ನಡಿ. "ಹಂಚಿದವಳೂ ನೀನಾ ಅನ್ನೋದು ಉಳೀತು. ಇವರೆಲ್ಲ ಹೌದು ಅಂತಿದ್ದಾರೆ."

"ಎಲ್ಲ ತಿರಸ್ಕಾರ ಮಾಡಿ, ಮುಗೀತು," ಎಂದರು ಸೀಲು ಸಾಹೇಬರು, ಗಡಿಯಾರ ನೋಡುತ್ತ. "ಮೂವತ್ತೆಂಟೂ. ಕಾಲೇಜಿನ ಮರ್ಯಾದೆ ಪ್ರಶ್ನೆ. ನಕಲು ಅಂದ್ರೆ ನಕಲು. ನಮ್ಮ ಕಾಲದಲ್ಲಿ ಒಂದೊಂದು ಅಕ್ಷರ ಬೆವರು ಸುರಿಸಿ ಬರೀತಿದ್ವಿ."

ಬಾಗಿಲಲ್ಲಿ ನಿಂತಿದ್ದ ಗೋಂದುವಿಗೆ ಇದನ್ನು ಕೇಳಿ ತಡೆಯಲಾಗಲಿಲ್ಲ.

"ಬೆವರಾ? 'ನನ್ನ ಧರ್ಮಪತ್ನಿಯ ತಾಳ್ಮೆಗೆ, ಇಬ್ಬರು ಮಕ್ಕಳ ತುಂಟತನಕ್ಕೆ ನಾನು ಚಿರಋಣಿ.' ನಿಮ್ಮ ಥೀಸಿಸ್ಸು ಸಾರ್, ನಾಲ್ಕನೇ ಪುಟ. ಆಗ ನಿಮಗೆ ಮದುವೇನೇ ಆಗಿರಲಿಲ್ಲ!"

ಸೀಲು ಸಾಹೇಬರ ಮುಖ ಖಾಲಿ ಕಾಗದದಂತಾಯಿತು. ಆಮೇಲೆ ಅವರಿಗೆ ಮದುವೆಯೂ ಆಗಿತ್ತು, ಇಬ್ಬರೇ ಮಕ್ಕಳೂ ಆಗಿದ್ದರು, ಇಬ್ಬರೂ ತುಂಟರು. ಆದರೆ ಕೃತಜ್ಞತೆ ಒಂಬತ್ತು ವರ್ಷ ಮುಂಚೆ ಸಲ್ಲಿಕೆಯಾಗಿತ್ತು.

"ಯಾರು ನೀವು? ಒಳಗೆ ಬಿಟ್ಟವರು ಯಾರು?" ಎಂದು ಅವರು ಕೂಗಿದರು.

"ಇವರನ್ನ ನಾನು ಬಲ್ಲೆ," ಎಂದಳು ಭೂತಗನ್ನಡಿ. "ಇನ್ನೂರ ಹನ್ನೆರಡನೇ ಪುಟ." ನಂತರ ಗೋಂದುವಿನ ಕಡೆ ತಿರುಗಿದಳು. "ಬೆದರಿಕೆ ಹಾಕೋಕೆ ಬಂದಿದ್ರೆ ಈಗಲೇ ಹೊರಡಿ. ಸಾಹೇಬರ ಥೀಸಿಸ್ ಇವತ್ತಿನ ವಿಷಯ ಅಲ್ಲ. ಅದನ್ನ ನಾನು ನಾಳೆ ಓದ್ತೀನಿ. ಹೇಳೋದೇನಾದ್ರೂ ಇದ್ರೆ ಹೇಳಿ."

ಸೀಲು ಸಾಹೇಬರು ಕರ್ಚೀಫು ತೆಗೆದರು.

ಗೋಂದು ಬಾಯಿ ತೆರೆದ. ಬೈಗುಳಗಳು ನೂಕುನುಗ್ಗಲಾಗಿ ನಾಲಗೆಯ ತುದಿಗೆ ಬಂದು ನಿಂತವು. ಎದುರಿಗಿದ್ದ ಹೆಂಗಸು ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು, ಅಂದು ನಾಲ್ಕು ಗಂಟೆ ನಿಂತಿದ್ದ ಹಾಗೆಯೇ. ಟೇಪು ಅವನ ಕಡೆ ನೋಡಲೂ ಇಲ್ಲ. ಗೋಡೆಯ ಪಕ್ಕದ ಬೆಂಚಿನ ಎತ್ತರವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು.

"ಅವಳು ಯಾರಿಗೂ ಕೊಟ್ಟಿಲ್ಲ," ಎಂದ ಕೊನೆಗೆ. "ಈ ಕತ್ತೆಗಳು ಕದ್ದೂ ಇಲ್ಲ. ಕದಿಯೋಕಾದ್ರೂ ಓದಬೇಕಲ್ಲ! ಕದ್ದಿದ್ದು ನಾನು. ಅವಳನ್ನ ಕೇಳದೆ ಕದ್ದೆ. ಓದದೆ ಹಾಕಿದೆ. ಮೂವತ್ತೊಂದು ವರ್ಷದಿಂದ ಹಾಕ್ತಾ ಇದ್ದೀನಿ, ನೋಡ್ಕೊಳ್ಳಿ." ಕಂಕುಳಲ್ಲಿದ್ದ ಸೆಟ್ಟನ್ನು ಮೇಜಿನ ಮೇಲೆ ಎಸೆದ. "ನಿಮಗೂ ಒಂದು ಮಾತು ಮೇಡಂ. ಮೂವತ್ತು ವರ್ಷ ಈ ಧರ್ಮಪತ್ನಿ ನಿಮ್ಮ ಕಾಲೇಜಿನ ಕಪಾಟಿನಲ್ಲಿ ಸಂಸಾರ ಮಾಡಿದ್ದಾಳೆ. ಒಬ್ಬ ಮೇಷ್ಟ್ರೂ ಕೇಳಲಿಲ್ಲ. ನೀವೆಲ್ಲ ಓದಿದ್ರೆ ನಾನು ಯಾಕೆ ಹಾಕ್ತಿದ್ದೆ?"

"ಅದು ನಿಜ," ಎಂದಳು ಭೂತಗನ್ನಡಿ, ತಣ್ಣಗೆ. "ನಿಜ ಆದ್ದರಿಂದ ನಿಮ್ಮ ತಪ್ಪು ಕಮ್ಮಿ ಆಗಲ್ಲ."

ಅವಳ ತೀರ್ಪು ಅವಳ ನೋಟೀಸಿನಷ್ಟೇ ನೇರವಾಗಿತ್ತು. ಮೂವತ್ತೇಳು ಜನ ಅಂದೇ ಮಧ್ಯಾಹ್ನ ಪರೀಕ್ಷಾ ಕೊಠಡಿಯಲ್ಲಿ ಕೂತು, ಯಂತ್ರವನ್ನು ತಾವು ನಿಜವಾಗಿ ಏನು ಕೇಳಿದೆವು, ಉತ್ತರವನ್ನು ಎಲ್ಲಿ ಸೇರಿಸಿದೆವು ಎಂದು ಕೈಯಲ್ಲಿ ಬರೆಯಬೇಕು. ಯಂತ್ರದ ಜೊತೆ ನಡೆದ ಮಾತುಕತೆಯ ಪ್ರತಿ ಲಗತ್ತಿಸಬೇಕು. ಬರೆಯಲಾರದವರು ಮುಂದಿನ ವರ್ಷ ಬರಬೇಕು. ಹಿಂದಿನ ಗೇಟಿನ ಅಂಗಡಿಯ ಮುಂದಿನ ಸೆಟ್ಟು ಇರುವ ಯಾವ ಪ್ರಾಜೆಕ್ಟನ್ನೂ ಇನ್ನು ಕಾಲೇಜು ತೆಗೆದುಕೊಳ್ಳುವುದಿಲ್ಲ.

"ನಿನ್ನದು ಸ್ವೀಕಾರ," ಎಂದು ಟೇಪುವಿಗೆ ಹೇಳಿದಳು. "ಆದ್ರೆ ಒಂದು ಪುಟ ಸೇರಿಸು. ನಿನ್ನ ಐದನೇ ಪುಟ ಬೇರೆಯವರಲ್ಲಿ ಹೇಗೆ ಬಂತು ಅನ್ನೋದು ಮುಂದೆ ಓದೋರಿಗೆ ಗೊತ್ತಾಗಬೇಕು. ಯಂತ್ರದ ಬಗ್ಗೆ ಬರೆದ ಹಾಗೇ ಮನುಷ್ಯನ ಬಗ್ಗೆಯೂ ಬರಿ. ಯಾರು, ಯಾವತ್ತು, ಏನು ಹೇಳಿದರು. ಅವರ ಸಹಿ ಇರಲಿ."

ಹೊರಗೆ ಬಂದಾಗ ಗೋಂದು ಅವಳ ಹಿಂದೆ ದಾಪುಗಾಲು ಹಾಕಿದ. "ಕೊಡೇ ಇಲ್ಲಿ. ಬಿಚ್ಚಿ, ಪುಟ ಸೇರಿಸಿ, ಮತ್ತೆ ಹೊಲಿದುಕೊಡ್ತೀನಿ. ಒಂದು ಗಂಟೆ ಕೆಲಸ."

"ಬೇಡ ಮಾವ," ಎಂದಳು ಅವಳು, ತಿರುಗಿ ನೋಡದೆ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವಳು ಅಂಗಡಿಗೆ ಬಂದಳು. ಕಟ್ಟೆ ಹತ್ತಲಿಲ್ಲ. ರಸ್ತೆಯಲ್ಲೇ ನಿಂತು ಪ್ರಾಜೆಕ್ಟು ಚಾಚಿದಳು. ಗೋಂದು ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ, ಹಾವು ಕಂಡವನ ಹಾಗೆ. ತೊಂಬತ್ತಾರು ಬೆಂಚುಗಳ ಬೆನ್ನಿಗೆ ಉದ್ದಕ್ಕೂ ತೂತು, ತೂತಿನ ತುಂಬ ನೀಲಿ ಪ್ಲಾಸ್ಟಿಕ್ಕಿನ ಸುರುಳಿ.

"ಮೂಗುದಾರ!" ಎಂದ. "ನನ್ನ ಹೊಲಿಗೆ ಬಿಚ್ಚಿಸಿ, ಅವನ ಹತ್ರ..."

"ಅವನು ಬರೀ ತೂತು ಕೊರೀತಾನೆ. ಒಳಗೆ ಏನೂ ಸೇರಿಸಲ್ಲ. ಆರನೇ ಪುಟ, ಕೆಳಗೆ ಸಹಿ ಹಾಕಿ."

ಗೋಂದು ಪೆನ್ನು ತೆಗೆದ. ಸಹಿ ಹಾಕುವ ಮುನ್ನ, ಕನ್ನಡಕ ಏರಿಸಿ, ಮೊದಲಿಂದ ಕೊನೆಯವರೆಗೆ ಓದಿದ.

'ಹಿಂದಿನ ಗೇಟಿನ ಎದುರಿನ ಬೈಂಡರ್. ನನ್ನ ಅನುಮತಿ ಇಲ್ಲದೆ ಐದನೆಯ ಪುಟವನ್ನು ಮೂವತ್ತೇಳು ಪ್ರಾಜೆಕ್ಟುಗಳಿಗೆ ಸೇರಿಸಿದರು. ಸೇರಿಸುವ ಮುನ್ನ ಓದಿರಲಿಲ್ಲ. ಸಮಿತಿಯ ಮುಂದೆ ಅವರು ಹೇಳಿದ್ದು: ಕದ್ದಿದ್ದು ನಾನು.'

"ಕದ್ದಿದ್ದು ಅಂತ ಯಾಕೆ ಬರೆದೆ? 'ಬಳಸಿಕೊಂಡರು' ಅಂತ ಬರಿ."

"ನೀ‌ವೇ ಹೇಳಿದ್ದು. ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ಕೆಳಗಡೆ ಹೊತ್ತೂ ಹಾಕಿದ್ದೀನಿ ನೋಡಿ."

"ಕೋಪದಲ್ಲಿ ಅಂದೆ!"

"ನೀವು ಬೇರೆ ಹೇಗೂ ಮಾತಾಡಲ್ಲವಲ್ಲ."

"ಮತ್ತೆ ಆ ಬೆಂಚಿನ ವಿಷಯ. ಎರಡನೇ ಪ್ರಯತ್ನಕ್ಕೆ ಎದ್ದಿದ್ದು ನಾನು. ಮೂರನೇದು ಅಂತ ಸುಳ್ಳು ಬರೆದಿದ್ದೀಯ."

"ಮೂರು. ನಾನು ಎಣಿಸಿದ್ದೆ. ಬೇಕಿದ್ರೆ ಈಗ ಕೂತು ಎದ್ದು ತೋರಿಸಿ."

ಗೋಂದು ಎದುರಿನ ಬೆಂಚನ್ನು ನೋಡಿದ. ಹದಿಮೂರು ಅಂಗುಲ. ತೋರಿಸಲು ಹೋಗಲಿಲ್ಲ. ಹಲ್ಲು ಕಚ್ಚಿಕೊಂಡು, ಪೆಟ್ಟಿಗೆಯ ಹಳೆಯ ಕಾಗದದಲ್ಲಿದ್ದ ತನ್ನ ಪೂರ್ತಿ ಹೆಸರನ್ನು ಸಹಿ ಮಾಡಿದ. ಮೂವತ್ತೊಂದು ವರ್ಷ ಸಾವಿರಾರು ಪುಸ್ತಕ ಕಟ್ಟಿದವನ ಹೆಸರು ಪುಸ್ತಕದೊಳಗೆ ಬಂದದ್ದು ಅದೇ ಮೊದಲು. ಬಂದದ್ದು ಹೀಗೆ, ಅದೂ ಪ್ಲಾಸ್ಟಿಕ್ಕಿನೊಳಗೆ.

ಪುಟ ಹಿಂದಕ್ಕೆ ಕೊಡಲು ಹೋದರೆ ಹೆಬ್ಬೆರಳು ಬಿಡಲೊಲ್ಲದು. ಅಂಟು. ಎಳೆದ ಮೇಲೆ ಸಹಿಯ ಪಕ್ಕದಲ್ಲಿ ಒಂದು ಇಡೀ ಹೆಬ್ಬೆಟ್ಟು ಕಂದು ಬಣ್ಣದಲ್ಲಿ ಕೂತಿತ್ತು, ಗೆರೆ ಗೆರೆಯೂ ಸ್ಪಷ್ಟವಾಗಿ. ಟೇಪು ದುಪಟ್ಟದ ತುದಿಯಿಂದ ಉಜ್ಜಿದಳು. ಇನ್ನಷ್ಟು ಹರಡಿತು.

"ಹೋಗು, ಆ ಹಾಳೆ ಹರಿದು ಬೇರೆ ಹಾಕಿಸಿಕೊಂಡು ಬಾ," ಎಂದ ಗೋಂದು.

"ಇರಲಿ," ಎಂದಳು ಅವಳು, ಪ್ರಾಜೆಕ್ಟು ಮುಚ್ಚುತ್ತ. "ಯಾರ ಕೆಲಸ ಅಂತ ಇನ್ನು ಯಾರೂ ಕೇಳಬೇಕಾಗಿಲ್ಲ."

ನೀಲಿ ಸುರುಳಿ ಗೇಟು ದಾಟಿ ಒಳಗೆ ಹೋಗುವವರೆಗೂ ಅವನು ಅದನ್ನು ಬೈಯುತ್ತಲೇ ಇದ್ದ.